ಮುಟ್ಟಿದ್ದು ಕೇರಿಗೆ

ಹಲಗೆಯನ್ನು ಕಾಯಿಸದೆ ಬಡಿದರೆ ಅದು ನುಡಿಯುವುದಿಲ್ಲ, ಕೆಮ್ಮುತ್ತದೆ. ಅಗಸಿಯ ಹೊರಗೆ ಒಂದು ಹಿಡಿ ಹುಲ್ಲು ಹಚ್ಚಿ ಮುದುಕಪ್ಪ ಹಲಗೆಯನ್ನು ಉರಿಯ ಮೇಲೆ ತಿರುವಿದ. ಚರ್ಮ ಬಿಗಿಯಿತು. ಕೊರಳಿಗೆ ಹಾಕಿಕೊಂಡು ಎದ್ದ. ಹೆಸರಿಗೆ ಮುದುಕಪ್ಪ, ಮೈ ಇನ್ನೂ ಗಟ್ಟಿ. ಅವನ ಅಪ್ಪ ಸತ್ತ ಮರುದಿನವೇ ಗೌಡ ಈ ಹಲಗೆಯನ್ನು ಇವನ ಕೊರಳಿಗೆ ಹಾಕಿಸಿದ್ದ. ಅಳಲಿಕ್ಕೂ ಹೊತ್ತು ಕೊಟ್ಟಿರಲಿಲ್ಲ.

ಅದು ನಿಜಾಮನ ಕಾಲ. ಮಸ್ಕಿಯಿಂದ ಸಿಂಧನೂರಿನ ಕಡೆ ಹೋಗುವ ಗಾಡಿದಾರಿಯ ಮಗ್ಗುಲಿಗೆ, ಎರೆಹೊಲಗಳ ನಡುವೆ ಇದ್ದ ಆ ಊರಿನಲ್ಲಿ ಏನು ಸಾರಬೇಕಾದರೂ ಮುದುಕಪ್ಪನೇ ಸಾರಬೇಕು. ತಹಸೀಲ್ದಾರ ಊರೂರು ತಿರುಗುವ ದೌರೆಗೆ ಬಂದರೆ ಸಾರಬೇಕು. ಎತ್ತು ಕಳೆದರೆ ಸಾರಬೇಕು. ಕಂದಾಯಕ್ಕೆ ಸಾರಬೇಕು, ಕಾಲರಾಕ್ಕೆ ಸಾರಬೇಕು. ಎಲ್ಲವೂ ಬಿಟ್ಟಿ. ಗೌಡ ಹೇಳಿದ ಮಾತನ್ನು ಹೇಳಿದ ಹಾಗೇ ಕೂಗಬೇಕು. ಕೂಡಿಸುವ ಹಾಗಿಲ್ಲ, ಕಳೆಯುವ ಹಾಗಿಲ್ಲ. ಹಲಗೆ ನುಡಿದ ಮೇಲೆ ಅದು ಹುಕುಂ. ನನಗೆ ಕೇಳಿಸಲಿಲ್ಲ ಅಂದವನಿಗೆ ದಂಡ. ಬಡಿಯುವ ಜಾಗಗಳೂ ಹಿಂದಿನಿಂದ ಬಂದವು. ಅಗಸಿ, ಗೌಡನ ಕಟ್ಟೆ, ಮಠದ ಮುಂದೆ, ಅಂಗಡಿ ಸಾಲು. ಮಾದಿಗರ ಕೇರಿಯಲ್ಲಿ ಬಡಿಯುವ ಪದ್ಧತಿ ಇರಲಿಲ್ಲ. ಕೇರಿಗೆ ಹೇಳುವುದಿದ್ದರೆ ಗೌಡನ ಆಳು ಅಲ್ಲಾಭಕ್ಷ್ ಬಂದು ಕೇರಿಯ ಬಾಯಿಗೆ ನಿಂತು ಬೈದು ಹೇಳುತ್ತಿದ್ದ. ಕೇರಿಗೆ ಅಷ್ಟೇ ಮರ್ಯಾದೆ ಸಾಕು ಎಂದು ಊರು ತಿಳಿದಿತ್ತು.

ಅವತ್ತು ಸಾರಬೇಕಾದ ಮಾತು ಮಾತ್ರ ಹೊಸದು.

"ಕೇಳ್ರಪ್ಪೋ ಕೇಳ್ರಿ! ಸೂಟಿಗೆ ಊರಿಗಿ ಬಂದ ವಸ್ತಾನಿಯಾ ಸಾಲಿ ಹುಡುಗ್ರೆಲ್ಲಾ ನಾಳಿಂದ ಮಠದ ಪಡಸಾಲಿಗೆ ಬಂದು ಪುಸ್ತಕ ಓದಬೇಕ್ರಪ್ಪೋ! ಓದದಾಂವಗ ಮುಂದಿನ ಜಮಾತು ಇಲ್ರಪ್ಪೋ!"

ವಸ್ತಾನಿಯಾ ಅಂದರೆ ಲಿಂಗಸುಗೂರಿನ ಸರಕಾರಿ ನಡುಶಾಲೆ, ಜಮಾತು ಅಂದರೆ ತರಗತಿ. ಅಲ್ಲಿ ಮಾಸ್ತರನಾಗಿದ್ದ ವಿರೂಪಾಕ್ಷಪ್ಪ ಇದೇ ಊರಿನ ಅಂಗಡಿಕಾರರ ಮಗ. ಹುಡುಗರು ಬೇಸಿಗೆ ಸೂಟಿಯಲ್ಲಿ ಕಲಿತದ್ದನ್ನೆಲ್ಲ ಬೆವರಿನ ಜೊತೆ ಇಳಿಸಿ ಬರುತ್ತಾರೆಂದು ಅಲ್ಲಿಯ ದೊಡ್ಡ ಮಾಸ್ತರರಿಗೆ ಸಿಟ್ಟು. ಅದಕ್ಕೇ ಈ ಸಲ ಪುಸ್ತಕದ ಒಂದು ಪೆಟ್ಟಿಗೆಗೆ ಸರಕಾರದ ಮೊಹರು ಒತ್ತಿ ವಿರೂಪಾಕ್ಷಪ್ಪನ ಸಂಗಡ ಊರಿಗೆ ಕಳಿಸಿದ್ದರು. ಹುಡುಗರು ಒಂದಾದ ಮೇಲೊಂದು ಓದಬೇಕು. ಸಾಲೆ ತೆರೆದ ದಿನ ಎದ್ದು ನಿಂತು ಏನು ಓದಿದೆ ಎಂದು ಹೇಳಬೇಕು. ಬಾಯಿ ಬಿಡದವನು ಹಳೆಯ ತರಗತಿಯಲ್ಲೇ ಕೂಡಬೇಕು.

ಮುದುಕಪ್ಪನ ಮಗ ಬಸ್ಸಪ್ಪನೂ ಆ ಸಾಲೆಯಲ್ಲೇ ಇದ್ದ. ಬಾಗಿಲ ಹೊರಗೆ ಕೂಡುತ್ತಿದ್ದ, ಆದರೂ ಇದ್ದ. ಲಿಂಗಸುಗೂರಿನ ಕಚೇರಿಯ ಜವಾನ ಹಸನ್‌ಸಾಬ್ ತನ್ನ ಹಿತ್ತಲ ಚಪ್ಪರದಲ್ಲಿ ಅವನಿಗೆ ಜಾಗ ಕೊಟ್ಟಿದ್ದ. ಹುಡುಗ ನೀರು ಹೊತ್ತು, ಕುದುರೆ ತೊಳೆದು, ಉಳಿದ ಹೊತ್ತಿನಲ್ಲಿ ಓದುತ್ತಿದ್ದ. ಇದು ಗೌಡ ಅಮರಗುಂಡಪ್ಪನ ಕಣ್ಣಿಗೆ ಬಿದ್ದ ಕಸ. "ಒಂದು ಸಲ ಹಿಂದ ಬೀಳಲಿ ನಿನ್ನ ಮಗ, ಅವತ್ತೇ ಅವನ ಕೊರಳಾಗ ಹಲಗಿ," ಎಂದು ಮುಖದ ಮೇಲೇ ಹೇಳಿದ್ದ. ಗೌಡ ಇಂಥ ಮಾತು ಮರೆಯುವವನಲ್ಲ. ಹೀಗಾಗಿ ಆ ಬೇಸಿಗೆಯಲ್ಲಿ ಬಸ್ಸಪ್ಪ ಓದಿದರೆ ಸಾಲೆ, ಓದದಿದ್ದರೆ ಹಲಗೆ.

ಅಂಗಡಿ ಸಾಲಿನಲ್ಲಿ ಬಡಿದು ಮುಗಿಸಿ ಮುದುಕಪ್ಪ ಮನೆಯ ಕಡೆ ಹೊರಟ. ಕೇರಿಯ ಬೇವಿನ ಗಿಡದ ಹತ್ತಿರ ಬಂದಾಗ ಅವನ ಕೈ ತಾನೇ ಎದ್ದಿತು. ಹುಡುಗರೆಲ್ಲಾ ಎಂದು ಗೌಡನೇ ಹೇಳಿದ್ದಾನೆ. ಎಲ್ಲಾ ಅಂದರೆ ಎಲ್ಲಾ. ಹಲಗೆ ಬಡಿದ. ಅದೇ ಮಾತನ್ನು, ಕೂಡಿಸದೆ ಕಳೆಯದೆ, ಕೇರಿಯಲ್ಲೂ ಕೂಗಿದ.

ಜನ ಗುಡಿಸಲಿಂದ ಹೊರಬಿದ್ದು ನೋಡಿದರು. ಒಬ್ಬ ಮುದುಕ ನಕ್ಕ. "ಏನಲೇ, ಕುಡದೀಯೇನು? ನಮ್ಮ ಕೇರ್ಯಾಗ ಯಾವಾಗ ಡಂಗುರ ಹೊಡದಿದ್ರು?"

"ಹುಕುಂ ಐತಿ. ನಮ್ಮ ಬಸ್ಸ್ಯಾನೂ ಸಾಲಿ ಹುಡುಗನ ಅಲ್ಲೇನು?" ಎಂದ ಮುದುಕಪ್ಪ. ಎದೆ ಉಬ್ಬಿತ್ತು. ಅವನ ಹೆಂಡತಿ ಗದ್ದೆಮ್ಮ ಮಾತ್ರ ನಗಲಿಲ್ಲ. ತೊಗಲು ಹದ ಮಾಡುವ ಬಾನಿಯಿಂದ ಕೈ ತೆಗೆದು, "ಹುಕುಂ ಅವರ ಬಾಯಾಗ ಒಂದು ಇರತೈತಿ, ಹೊಟ್ಟ್ಯಾಗ ಒಂದು ಇರತೈತಿ. ನೋಡಕೋ," ಎಂದಳು.

ಮರುದಿನದಿಂದ ಮುದುಕಪ್ಪನಿಗೆ ಮಠದಲ್ಲಿ ಬಿಟ್ಟಿ ಇತ್ತು. ಮಠದ ಮಗ್ಗುಲಿಗೆ ಹುಣಸೆಯ ಬೊಡ್ಡೆ ಬಿದ್ದಿದ್ದವು. ಮಳೆಗಾಲದ ಒಲೆಗೆ ಅಷ್ಟನ್ನೂ ಒಡೆದು ಒಟ್ಟಬೇಕು. ಹುಣಸೆಯೆಂದರೆ ಕಬ್ಬಿಣ. ಕೊಡಲಿ ಎತ್ತಿ ಹಾಕಿದರೆ ಭುಜದ ಗೂಡು ಅದುರುತ್ತಿತ್ತು. ಅಂಗೈಯ ಬೊಬ್ಬೆ ಒಡೆದು ಕಾವು ಜಾರುತ್ತಿತ್ತು. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು, ಅದೂ ಅವರಿಗೆ ನೆನಪಾದಾಗ. ಅಲ್ಲಿಂದ ಪಡಸಾಲೆಯೂ ಅದರ ಕಲ್ಲಿನ ಮೆಟ್ಟಿಲೂ ಕಾಣುತ್ತಿದ್ದವು. ಹಾಗಾಗಿ ಅವನು ಎಲ್ಲವನ್ನೂ ಕಣ್ಣಾರೆ ಕಂಡ.

ಊರ ಹುಡುಗರು ಪಡಸಾಲೆಯ ತಂಪಿನಲ್ಲಿ ಜಮಖಾನೆಯ ಮೇಲೆ ಕೂತಿದ್ದರು. ಗೌಡನ ಮಗ ಪಂಪನಗೌಡ ಪುಸ್ತಕವನ್ನು ಮುಖಕ್ಕೆ ಮುಚ್ಚಿಕೊಂಡು ನಿದ್ದೆ ಹೊಡೆಯುತ್ತಿದ್ದ. ಬಸ್ಸಪ್ಪ ಬಂದು ಮೆಟ್ಟಿಲ ಕೆಳಗೆ ನಿಂತ. ಮಠದ ಅಯ್ಯ ಕರಿಬಸಯ್ಯ ಕೆಮ್ಮಿದ. ವಿರೂಪಾಕ್ಷಪ್ಪ ಅಯ್ಯನ ಮುಖ ನೋಡಿದ, ಹುಡುಗನ ಮುಖ ನೋಡಿದ. ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದು ಮೇಲಿನಿಂದಲೇ ಕೆಳಗೆ ಒಗೆದ. ಅದು ಧೂಳಿನಲ್ಲಿ ಬಿತ್ತು. ಬಸ್ಸಪ್ಪ ಎತ್ತಿಕೊಂಡು, ಉಫ್ ಎಂದು ಊದಿ, ಅಂಗಳದ ಗೋಡೆಗೆ ಒರಗಿ, ತಲೆಗೆ ಅಂಗಿ ಸುತ್ತಿಕೊಂಡು ಬಿಸಿಲಿನಲ್ಲೇ ಓದತೊಡಗಿದ.

ಬಿಸಿಲಾದರೇನು, ಓದುತ್ತಿದ್ದಾನಲ್ಲ ಎಂದುಕೊಂಡ ಅಪ್ಪ. ಬಡವನ ಸಮಾಧಾನ ಎಷ್ಟು ಅಗ್ಗ!

ಆ ಪುಸ್ತಕದಲ್ಲಿ ಹಡಗಿನ ಕಥೆ ಇತ್ತಂತೆ. ಮಸ್ಕಿ ಹಳ್ಳಕ್ಕಿಂತ ದೊಡ್ಡ ನೀರು ಕಾಣದ ಹುಡುಗ ಸಂಜೆ ಅವ್ವನಿಗೆ ಸಮುದ್ರದ ವಿಷಯ ಹೇಳಿದ. ಗದ್ದೆಮ್ಮ ರೊಟ್ಟಿ ಬಡಿಯುತ್ತ, "ಅಷ್ಟು ನೀರಿದ್ರ ಯಾವ ಭಾವಿ ಕಾಯಾಕ ಹೋಗೋದೂ ಬ್ಯಾಡಾಗಿತ್ತು ನೋಡು," ಎಂದಳು. ಅವಳು ಊರ ಭಾವಿಯ ಹತ್ತಿರ ಯಾರಾದರೂ ನೀರು ಹಾಕಲಿ ಎಂದು ಕೊಡ ಇಟ್ಟುಕೊಂಡು ದಿನಾ ಅರ್ಧ ಹೊತ್ತು ಕಾಯುವವಳು.

ಓದಿ ಮುಗಿದ ಪುಸ್ತಕವನ್ನು ಬಸ್ಸಪ್ಪ ತಿರುಗಿ ತಂದಾಗ ಕರಿಬಸಯ್ಯ ಕೋಲನ್ನು ಅಡ್ಡ ಹಿಡಿದ.

"ಮಾಸ್ತರ, ಅದನ್ನ ಪೆಟ್ಟಿಗ್ಯಾಗ ಹಾಕಬ್ಯಾಡ್ರಿ. ನಮ್ಮ ಹುಡುಗ್ರು ಮುಟ್ಟೋ ಪುಸ್ತಕದ ಸಂಗಾಟ ಅದನ್ನ ಇಡತೀರೇನು? ಅಂವಗೇ ಬಿಡ್ರಿ. ಮುಟ್ಟಿದ್ದು ಕೇರಿಗೆ."

ಮುಟ್ಟಿದ್ದು ಕೇರಿಗೆ. ಇದು ಆ ಊರಿನ ಹಳೆಯ ಕಾನೂನು. ಹೆಣದ ಮೇಲಿನ ಬಟ್ಟೆ ಕೇರಿಗೆ. ಸತ್ತ ಎಮ್ಮೆ ಕೇರಿಗೆ. ಸೂತಕದ ಮನೆಯ ಗಡಿಗೆ ಕೇರಿಗೆ. ಕೇರಿಯ ಮಗು ಅಂಗಡಿ ಕಟ್ಟೆಯ ಬೆಲ್ಲ ಮುಟ್ಟಿದರೆ ಅಪ್ಪನಿಗೆ ಒದೆ, ಬೆಲ್ಲ ಕೇರಿಗೆ. ಊರು ಉಂಡು ಉಟ್ಟು ಹೇಸಿ ಬಿಟ್ಟದ್ದೆಲ್ಲ ಕೇರಿಗೆ ಬರುತ್ತಿತ್ತು. ಅದರ ಸಾಲಿನಲ್ಲಿ ಈಗ ಪುಸ್ತಕವೂ ಬಂತು. ಬಸ್ಸಪ್ಪನಿಗೆ ಬೈಗುಳ ಕೇಳಿಸಲಿಲ್ಲ, ಪುಸ್ತಕ ತನ್ನದಾಯಿತು ಎಂಬುದಷ್ಟೇ ಕೇಳಿಸಿತು. ಎರಡನೆಯದನ್ನು ಕೇಳಿದ. ಅದೂ ಮೇಲಿನಿಂದ ಬಿತ್ತು. ಅದನ್ನೂ ಓದಿದ. ಅದೂ ಕೇರಿಗೆ ಬಂತು.

ಆಗ ಕರಿಬಸಯ್ಯನ ತಲೆಯಲ್ಲಿ ದೀಪ ಹತ್ತಿತು. ಹೀಗೇ ಬಿಟ್ಟರೆ ಈ ಮಾದಿಗರ ಹುಡುಗ ಓದಿ ಓದಿ ಪೆಟ್ಟಿಗೆಯನ್ನೇ ಬರಿದು ಮಾಡುತ್ತಾನೆ!

ಮೂರನೆಯದಕ್ಕೆ ಬಸ್ಸಪ್ಪ ಬಂದದ್ದು ನೆತ್ತಿ ಬಿರಿಯುವ ಹೊತ್ತಿನಲ್ಲಿ. ಅಂದು ಯಾರೂ ಅವನ ಕಡೆ ನೋಡಲಿಲ್ಲ. ಮಾಸ್ತರ ಪುಸ್ತಕದಿಂದ ತಲೆ ಎತ್ತಲಿಲ್ಲ. ಅಯ್ಯ ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ಅಂಗಳಕ್ಕೆಲ್ಲ ಬಂಡೆ ಹಾಸಿತ್ತು, ಬಂಡೆ ಹೆಂಚಾಗಿತ್ತು. ಹುಡುಗ ಬರಿಗಾಲಲ್ಲಿ ನಿಂತಿದ್ದ. ಊರಿಗೆಲ್ಲ ಚಪ್ಪಲಿ ಹೊಲಿಯುವವನ ಮಗ ಬರಿಗಾಲಲ್ಲಿ ನಿಂತಿದ್ದ. ಒಂದು ಕಾಲು ಎತ್ತುತ್ತಿದ್ದ, ಅದನ್ನು ಇಟ್ಟು ಇನ್ನೊಂದು ಎತ್ತುತ್ತಿದ್ದ. "ಮಾಸ್ತರ, ಪುಸ್ತಕ," ಎಂದು ಎಷ್ಟೋ ಸಲ ಅಂದ. ಕಡೆಗೆ ತಡೆಯಲಾರದೆ, ಕೆಳಗಿನ ಮೆಟ್ಟಿಲಿನ ಮೇಲೆ ಬಿದ್ದಿದ್ದ ಅಂಗೈಯಗಲ ನೆರಳಿನಲ್ಲಿ ಒಂದು ಪಾದ ಇಟ್ಟ.

ಕರಿಬಸಯ್ಯನ ಕೋಲು ಅವನ ಕಾಲಿನ ಹರಡಿನ ಮೇಲೆ ಬಿತ್ತು. ಎಲುಬಿನ ಸದ್ದು ಹುಣಸೆ ಬೊಡ್ಡೆಯ ತನಕ ಕೇಳಿಸಿತು.

ಮುದುಕಪ್ಪ ಕೊಡಲಿ ಹಿಡಿದುಕೊಂಡೇ ಓಡಿದ. ಮಗ ಬಂಡೆಯ ಮೇಲೆ ಬಿದ್ದು ಹೊರಳುತ್ತಿದ್ದ. ಅಯ್ಯ ಕೋಲನ್ನು ಇನ್ನೊಮ್ಮೆ ಎತ್ತಿದ್ದ. ಕೊಡಲಿ ಕೈಯಲ್ಲಿತ್ತು. ಒಂದು ಗಳಿಗೆ ಮುದುಕಪ್ಪನಿಗೆ ಹುಣಸೆ ಬೊಡ್ಡೆಗೂ ಅಯ್ಯನ ತಲೆಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಬಾಯಿಯಿಂದ ಬಂದದ್ದು ಬೇರೆ. ತಲೆತಲಾಂತರದಿಂದ ನಾಲಿಗೆಗೆ ಅಂಟಿಕೊಂಡ ಮಾತು.

"ತಪ್ಪಾತ್ರಿ ಅಯ್ಯಾರ. ಸಣ್ಣಾಂವ ಅದಾನ್ರಿ. ಹೊಟ್ಟ್ಯಾಗ ಹಾಕ್ಕೊಳ್ರಿ."

ಕೊಡಲಿ ಕೆಳಗಿಟ್ಟು ಕೈ ಮುಗಿದ. ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟ. ಮಗ ಅಳಲಿಲ್ಲ. ಅಪ್ಪನ ಕಿವಿಯಲ್ಲಿ, "ನೀ ಯಾಕ ತಪ್ಪಾತು ಅಂದಿ?" ಎಂದು ಕೇಳಿದ. ಕೇರಿ ಮುಟ್ಟುವ ತನಕ ಆ ಪ್ರಶ್ನೆ ಅವನ ಕಿವಿಯಲ್ಲಿ ಕಾದ ಎಣ್ಣೆ ಹುಯ್ದ ಹಾಗೆ ಉರಿಯಿತು.

ಸಂಜೆ ಅಲ್ಲಾಭಕ್ಷ್ ಬಂದು ಚಾವಡಿಗೆ ಕರೆದೊಯ್ದ. ಗೌಡ ಅಮರಗುಂಡಪ್ಪ ಕಟ್ಟೆಯ ಮೇಲೆ ಎಲೆ ಮಡಚುತ್ತಿದ್ದ. ಒಂದು ಮಗ್ಗುಲಿಗೆ ಕರಿಬಸಯ್ಯ, ಇನ್ನೊಂದು ಮಗ್ಗುಲಿಗೆ ವಿರೂಪಾಕ್ಷಪ್ಪ. ಮುದುಕಪ್ಪ ಕೆಳಗೆ ಮಣ್ಣಿನಲ್ಲಿ ಕೂತ.

"ಏನಲೇ ಮುದುಕ್ಯಾ, ಕೇರ್ಯಾಗ ಹಲಗಿ ಬಡಿ ಅಂತ ನಿನಗ ಯಾರು ಹೇಳಿದ್ರು?"

"ಸಾಲಿ ಹುಡುಗ್ರೆಲ್ಲಾ ಅಂತ ಸಾರು ಅಂದ್ರಿ ಧಣಿ."

"ಎಲ್ಲಾ ಅಂದ್ರ ನೀವೂ ಅಂತೇನು? ಊರಾಗ ಎಲ್ಲಾರಿಗೂ ಊಟ ಅಂದ್ರ ನಾಯಿ ಬಂದು ಪಂಕ್ತ್ಯಾಗ ಕೂಡತಾವೇನು?"

ಕರಿಬಸಯ್ಯ ನಕ್ಕ. ಗೌಡ ನಗಲಿಲ್ಲ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ. ನಾಳೆ ಮುಂಜಾನೆ ಇನ್ನೊಂದು ಡಂಗುರ ಹೊಡಿ. ಕೇರಿ ಹುಡುಗ್ರು ಮಠದ ಕಡೆ ಕಾಲಿಡಬಾರದು, ಪುಸ್ತಕ ಮುಟ್ಟಬಾರದು, ಮುಟ್ಟಿದ್ರ ಕೈ ಕಡಿತೀವಿ ಅಂತ ಸಾರು. ಅಗಸ್ಯಾಗ ಸಾರು, ಮಠದ ಮುಂದ ಸಾರು. ಕೇರ್ಯಾಗೂ ಸಾರು. ನಿನಗ ಕೇರ್ಯಾಗ ಬಡಿಯೋ ಚಟ ಹತ್ತೇತಲ್ಲ?"

ಮುದುಕಪ್ಪ ಮಾಸ್ತರನ ಕಡೆ ತಿರುಗಿದ. "ಮಾಸ್ತರ್ರ, ಓದದಾಂವಗ ಮುಂದಿನ ಜಮಾತು ಇಲ್ಲ ಅಂತೀರಿ. ಪುಸ್ತಕ ಮುಟ್ಟಬ್ಯಾಡ ಅಂತೀರಿ. ನನ್ನ ಮಗ ಏನು ಗಾಳಿ ಓದಬೇಕೇನ್ರಿ?"

ವಿರೂಪಾಕ್ಷಪ್ಪ ಕನ್ನಡಕ ಒರೆಸಿಕೊಂಡ. ಅವನೇನು ಕೆಟ್ಟವನಲ್ಲ. ಕೆಟ್ಟವನಲ್ಲ ಎಂಬುದನ್ನು ಬಿಟ್ಟರೆ ಅವನಲ್ಲಿ ಬೇರೇನೂ ಇರಲಿಲ್ಲ. "ಈಗ ಸುಮ್ಮನಿರು ಮುದುಕಪ್ಪ. ಸಾಲಿ ತೆರದ ಮ್ಯಾಲೆ ನೋಡೂನು. ದೊಡ್ಡ ಮಾಸ್ತರಿಗೆ ಒಂದು ಮಾತು ಹೇಳಿ ನೋಡತೀನಿ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ಏನು ನೋಡೂದೈತಿ?" ಎಂದ ಗೌಡ. "ಹುಡುಗ ಹಿಂದ ಬಿದ್ದ ಅಂತ ತಿಳಕೋ. ಕಾಲು ಬಾವು ಇಳಿದ ಮ್ಯಾಲೆ ಹಲಗಿ ಕಲಸು."

ಗುಡಿಸಲಿನಲ್ಲಿ ಬಸ್ಸಪ್ಪನ ಹರಡು ಕುಂಬಳಕಾಯಿಯಾಗಿತ್ತು. ಗದ್ದೆಮ್ಮ ಅರಿಶಿನ ಸುಣ್ಣ ಕಲಸಿ ಹಚ್ಚುತ್ತಿದ್ದಳು. ಮುದುಕಪ್ಪ ಗೌಡನ ಹುಕುಂ ಹೇಳಿದ. ಹೇಳುವಾಗ ತನಗೇ ಹೇಸಿಗೆಯಾಯಿತು. ಅವಳು ಸುಣ್ಣದ ಕೈ ಎತ್ತಿ ಅವನ ಕಡೆ ತಿರುಗಿದಳು.

"ನಿನ್ನ ಬಾಯಿಲೆ ನಿನ್ನ ಮಗನ್ನ ಬ್ಯಾಡ ಅಂತ ಸಾರತೀಯೇನು?"

"ಸಾರದಿದ್ರ ಚರ್ಮ ಸುಲಿತಾರ."

"ಸುಲೀಲಿ. ಚರ್ಮ ಸುಲಿಯೋದು ನಮಗೇನು ಹೊಸಾದಲ್ಲ. ಇಷ್ಟು ದಿನ ಸತ್ತ ದನದ್ದು ಸುಲದೀವಿ. ನೀ ಸಾರಿದಿ ಅಂದ್ರ ಮಾತ್ರ ನಾ ಈ ಹುಡುಗನ ಮಾರಿ ಹ್ಯಾಂಗ ನೋಡ್ಲಿ? ಹೇಳು."

ಮೂಲೆಯಲ್ಲಿ ಬಸ್ಸಪ್ಪನ ಎರಡು ಪುಸ್ತಕ ಇದ್ದವು. ಮುದುಕಪ್ಪ ಒಂದನ್ನು ಎತ್ತಿ ನೋಡಿದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ತಿರುವಿ ಹಾಕಿದ. ಊರಿನವರು ಇದನ್ನು ಯಾಕೆ ತಿರುಗಿ ಕೇಳಲಿಲ್ಲ ಎಂದು ಯೋಚಿಸಿದ. ಮುಟ್ಟಿದೆವು, ಅದಕ್ಕೆ ಕೇಳಲಿಲ್ಲ. ಮುಟ್ಟಿದ್ದು ಕೇರಿಗೆ. ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದ. ಕೇಳಿ ಕೇಳಿ ತಲೆ ತಗ್ಗಿಸಿದ್ದ. ಇವತ್ತು ಅದನ್ನು ಎಲುಬಿನೊಳಗಿನ ನೆಣ ಹೀರಿದ ಹಾಗೆ ಹೀರಿ ನೋಡಿದ.

ಮರುದಿನ ಹೊತ್ತು ಮೂಡಿದ ಮೇಲೆ ಹಲಗೆ ಕಾಯಿಸಿಕೊಂಡು ಹೊರಟ. ಗದ್ದೆಮ್ಮ ಮುಖ ತಿರುವಿದಳು. ಅಗಸಿಯಲ್ಲಿ ನಿಂತು ಬಡಿದ. ಎಂದೂ ಬಡಿಯದಷ್ಟು ಜೋರಾಗಿ ಬಡಿದ. ಜನ ಸೇರಿದರು. ಹೊಸ ಡಂಗುರ ಏನೆಂದು ಅವರಿಗೆ ಗೊತ್ತಿತ್ತು. ಮಾದಿಗ ತನ್ನ ಮಗನನ್ನು ತಾನೇ ಹೊರಗೆ ಹಾಕುವ ಚಂದ ನೋಡಲು ಬಂದಿದ್ದರು. ಮುದುಕಪ್ಪ ಬಾಯಿ ತೆರೆಯಲಿಲ್ಲ. ಬಡಿಯುತ್ತಲೇ ಮುಂದೆ ನಡೆದ. ಗೌಡನ ಕಟ್ಟೆಯ ಮುಂದೆಯೂ ಬಾಯಿ ತೆರೆಯಲಿಲ್ಲ. "ಕೂಗಲೇ!" ಎಂದು ಯಾರೋ ಬೈದರು. ಗೌಡ ಎದ್ದು ಹಿಂದೆ ಬಂದ. ಅಲ್ಲಾಭಕ್ಷ್ ಕೋಲು ಹಿಡಿದು ಬಂದ.

ಮಠದ ಮುಂದೆ ಹಲಗೆ ನಿಂತಿತು. ಮುದುಕಪ್ಪ ಅದನ್ನು ಕೊರಳಿಂದ ತೆಗೆದು ಅಂಗಳದಲ್ಲಿ ಇಟ್ಟ. ಮೆಟ್ಟಿಲ ಮೇಲೆ ಕಾಲಿಟ್ಟ. ಮೊದಲನೆಯದು, ಆಮೇಲೆ ಎರಡನೆಯದು. ಏನಾಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಆ ಊರಿನಲ್ಲಿ ಯಾರೂ ಕಂಡಿರದ ಕೆಲಸ ಅದು. ಕಂಡಿರದ್ದನ್ನು ತಡೆಯಲಿಕ್ಕೆ ಕೈ ತಟ್ಟನೆ ಏಳುವುದಿಲ್ಲ. ಹುಡುಗರು ಜಮಖಾನೆ ಬಿಟ್ಟು ಚೆಲ್ಲಾಪಿಲ್ಲಿಯಾದರು. ಅವರು ಕೈಯಿಂದ ಬಿಟ್ಟ ಪುಸ್ತಕಗಳನ್ನು ಅವನು ಆರಿಸಿಕೊಂಡ. ಪೆಟ್ಟಿಗೆಯ ಮುಂದೆ ಕುಕ್ಕರಿಸಿ ಮುಚ್ಚಳ ತೆಗೆದ.

ಮಾಸ್ತರ ಹಾಳೆ ತಿರುವುವುದನ್ನು ಅವನು ಬಿಟ್ಟಿ ಮಾಡುತ್ತ ನೋಡಿದ್ದ. ಹಾಗೇ ಬೆರಳನ್ನು ನಾಲಿಗೆಗೆ ಒತ್ತಿದ. ಒಂದು ಪುಸ್ತಕ ತೆಗೆದು ಉಗುಳಿನ ಬೆರಳಿನಿಂದ ಹಾಳೆ ತಿರುವಿದ.

"ಇದು ಮುಟ್ಟೀನಿ," ಎಂದ. ಇನ್ನೊಂದು ತೆಗೆದ. "ಇದೂ ಮುಟ್ಟೀನಿ." ಮತ್ತೊಂದು. "ಇದೂ."

"ಹೊಡೀರಿ ಬೋಳಿಮಗನ್ನ!" ಗೌಡನ ಧ್ವನಿ ಸೀಳಿತು.

ಅಲ್ಲಾಭಕ್ಷ್‌ನ ಕೋಲು ಬೆನ್ನ ಮೇಲೆ ಬಿತ್ತು. ಕರಿಬಸಯ್ಯನ ಕೋಲು ಭುಜದ ಮೇಲೆ ಬಿತ್ತು. ಕೋಲಿಗೆ ಮೈಲಿಗೆ ಇಲ್ಲವಲ್ಲ! ಮುದುಕಪ್ಪ ಪೆಟ್ಟಿಗೆಯ ಮೇಲೆ ಬಗ್ಗಿಕೊಂಡೇ ಮುಟ್ಟುತ್ತ ಹೋದ. ಬಲಗೈಗೆ ಬಿದ್ದ ಏಟಿಗೆ ಮೊಣಕೈ ಕೆಳಗೆ ಏನೋ ಮುರಿಯಿತು. ಎಡಗೈಯಿಂದ ಮುಟ್ಟಿದ. ತಲೆ ಒಡೆದು ರಕ್ತ ಹುಬ್ಬಿನ ಮೇಲೆ ಇಳಿಯಿತು. ಕಟ್ಟಕಡೆಯ ಪುಸ್ತಕಕ್ಕೆ ಉಗುಳಿನ ಜೊತೆ ರಕ್ತವೂ ಹತ್ತಿತು.

"ಮುಗೀತು," ಎಂದು ಎದ್ದು ನಿಂತ. "ಎಲ್ಲಾ ಮುಟ್ಟೀನಿ. ಮುಟ್ಟಿದ್ದು ಕೇರಿಗೆ. ನಿಮ್ಮ ಕಾನೂನು, ನಂದಲ್ಲ."

"ಕಸಗೋ ಪೆಟ್ಟಿಗಿ!" ಎಂದು ಗೌಡ ಅರಚಿದ.

ಅಲ್ಲಾಭಕ್ಷ್ ಪೆಟ್ಟಿಗೆಗೆ ಕೈ ಹಾಕಿದವನು ನಿಂತ. ಅವನಿಗೆ ಮೈಲಿಗೆ ಗೀಲಿಗೆ ಇರಲಿಲ್ಲ. "ಕಸಗೊಂಡು ಯಾರ ಕೈಯಾಗ ಕೊಡ್ಲಿ ಧಣಿ? ನೀವು ಮುಟ್ಟತೀರಾ, ಅಯ್ಯಾರು ಮುಟ್ಟತಾರಾ?"

ಗೌಡ ಅಯ್ಯನ ಮುಖ ನೋಡಿದ. ಅಯ್ಯ ಹಿಂದೆ ಸರಿದ. ಅಲ್ಲಿದ್ದ ಒಬ್ಬೊಬ್ಬರೂ ಅರ್ಧ ಹೆಜ್ಜೆ ಹಿಂದೆ ಸರಿದರು.

"ಸುಡ್ರಿ ಹಂಗಾರ. ಪೆಟ್ಟಿಗಿ ಸಹಿತ ಸುಡ್ರಿ!"

ವಿರೂಪಾಕ್ಷಪ್ಪನಿಗೆ ಅಂದು ಮೊದಲ ಸಲ ಬಾಯಿ ಬಂತು. ನ್ಯಾಯಕ್ಕಾಗಿ ಬಂದದ್ದಲ್ಲ, ನೌಕರಿಗಾಗಿ ಬಂದದ್ದು. "ಬ್ಯಾಡ್ರಿ ಧಣೇರ! ಸರಕಾರದ ಮೊಹರ ಐತಿ. ಸುಟ್ಟೀವಿ ಅಂದ್ರ ಪೊಲೀಸ ಅಮೀನ ಬರತಾನ. ನನ್ನೂ ಹಿಡೀತಾನ, ನಿಮ್ಮನ್ನೂ ಬಿಡಂಗಿಲ್ಲ."

ಅಮೀನ ಅಂದೊಡನೆ ಗೌಡನ ಮೀಸೆ ಇಳಿಯಿತು. ಕೇರಿಯವರ ಮೇಲೆ ಹುಲಿಯಾದವನು ಸರಕಾರದ ಮೊಹರಿನ ಮುಂದೆ ಬೆಕ್ಕು. ಮುದುಕಪ್ಪ ಎಡಗೈಯಿಂದ ಪೆಟ್ಟಿಗೆಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ಆ ತಲೆ ಅಧಿಕಾರಿಗಳ ಬಿಡಾರದ ಸಾಮಾನನ್ನೆಲ್ಲ ಲಿಂಗಸುಗೂರಿನ ತನಕ ಹೊತ್ತ ತಲೆ. ಮೆಟ್ಟಿಲಿಳಿದ. ಏಟು ಬೀಳುತ್ತಲೇ ಇದ್ದವು, ಆದರೆ ಪೆಟ್ಟಿಗೆ ಬಿದ್ದೀತೆಂದು ಈಗ ಕೈ ತಡೆದು ತಡೆದು ಹೊಡೆಯುತ್ತಿದ್ದರು.

ಅಷ್ಟು ಹೊತ್ತಿಗೆ ಸುದ್ದಿ ಕೇಳಿ ಗದ್ದೆಮ್ಮ ಓಡಿ ಬಂದಿದ್ದಳು. ಗಂಡನ ಮುಖದ ಮೇಲಿನ ರಕ್ತ ನೋಡಿದಳು, ತಲೆಯ ಮೇಲಿನ ಪೆಟ್ಟಿಗೆ ನೋಡಿದಳು. ಅಳುವ ಹೊತ್ತಲ್ಲ ಎಂದು ಅವಳಿಗೆ ತಿಳಿಯಿತು. ಅಂಗಳದಲ್ಲಿ ಬಿದ್ದಿದ್ದ ಹಲಗೆಯನ್ನು ಎತ್ತಿ ತನ್ನ ಕೊರಳಿಗೆ ಹಾಕಿಕೊಂಡಳು. ಹೆಂಗಸು ಹಲಗೆ ಮುಟ್ಟುವ ಪದ್ಧತಿ ಕೇರಿಯಲ್ಲೂ ಇರಲಿಲ್ಲ. ಅವಳಿಗೆ ಬಡಿಯಲು ಬರುತ್ತಿರಲಿಲ್ಲ. ತಾಳ ಇಲ್ಲ, ಲೆಕ್ಕ ಇಲ್ಲ, ಹಟ್ಟಿಗೆ ನುಗ್ಗಿದ ನಾಯಿಯನ್ನು ಬಡಿದ ಹಾಗೆ ಬಡಿದಳು.

"ಕೇಳ್ರಪ್ಪೋ ಕೇಳ್ರಿ! ಪುಸ್ತಕ ಎಲ್ಲಾ ಕೇರಿಗೆ ಬಂದಾವು! ಸಾಲಿ ಹುಡುಗ್ರೆಲ್ಲಾ ಕೇರಿಗೆ ಬಂದು ಓದ್ರಪ್ಪೋ! ಓದದಾಂವಗ ಮುಂದಿನ ಜಮಾತು ಇಲ್ರಪ್ಪೋ!"

ಅಂಗಡಿ ಸಾಲಿನಲ್ಲಿ ಕೂಗಿದಳು. ಗೌಡನ ಕಟ್ಟೆಯ ಮುಂದೆ ಕೂಗಿದಳು. ಅಗಸಿಯಲ್ಲಿ ಕೂಗಿದಳು. ಹೆಂಗಸಿನ ಮೇಲೆ ಬೀಸಲು ಅಲ್ಲಾಭಕ್ಷ್‌ನ ಕೋಲು ಏಳಲಿಲ್ಲ, ಏಳಿಸಲು ಗೌಡನಿಗೂ ಬಾಯಿ ಬರಲಿಲ್ಲ.

ಆಮೇಲೆ ಊರು ತನ್ನ ಗುಣ ತೋರಿಸಿತು. ಕೇರಿಗೆ ಅಂಗಡಿ ಬಂದ್ ಆಯಿತು. ಭಾವಿಯಲ್ಲಿ ಒಂದು ಕೊಡ ನೀರು ಹಾಕುವವರಿಲ್ಲ. ಹೆಂಗಸರು ಹಳ್ಳದ ಉಸುಕು ತೋಡಿ ಒರತೆಯ ನೀರು ತಂದರು. ಕೂಲಿಗೆ ಮುಕ್ಕುಂದದ ಕಡೆ ನಡೆದರು. ಕೇರಿಯಲ್ಲೂ ಕೆಲವರು ಮುದುಕಪ್ಪನನ್ನು ಬೈದರು. "ನಿನ್ನ ಮಗನ ಓದಿಗೆ ನಮ್ಮ ಮಕ್ಕಳು ಉಪವಾಸ," ಎಂದರು. ಅದು ಸುಳ್ಳಲ್ಲ. ಅವನು ಸುಮ್ಮನೆ ಬೈಸಿಕೊಂಡ. ಆದರೂ ಹಲಗೆ ಹೊರಲು ಬಾ ಎಂದು ಗೌಡ ಕರೆದಾಗ ಕೇರಿಯಿಂದ ಒಬ್ಬನೂ ಹೋಗಲಿಲ್ಲ, ಬೈದವರೂ ಹೋಗಲಿಲ್ಲ. ಒಂದು ಎಮ್ಮೆ ಸತ್ತು ಗೌಡನ ಕೊಟ್ಟಿಗೆಯಲ್ಲೇ ಉಬ್ಬಿ ನಾರಿತು.

ಬೇವಿನ ಕೆಳಗೆ ಬಸ್ಸಪ್ಪ ಕಾಲು ಚಾಚಿಕೊಂಡು ಓದಿದ. ಪೆಟ್ಟಿಗೆಯ ಬುಡ ಕಾಣುವ ತನಕ ಓದಿದ. ಕೇರಿಯ ಸಣ್ಣ ಮಕ್ಕಳು ಸುತ್ತ ಕೂತು ಕೇಳಿದವು. ಮುರಿದ ಕೈಗೆ ಬಿದಿರ ದಬ್ಬೆ ಕಟ್ಟಿಕೊಂಡು ಮುದುಕಪ್ಪನೂ ಕೇಳಿದ. ಕೈ ಇನ್ನು ಮೊದಲಿನ ಹಾಗೆ ಆಗುವುದಿಲ್ಲ ಎಂದು ಎಲುಬು ಕೂಡಿಸುವ ಮುದುಕಿ ಹೇಳಿದ್ದಳು. ಹಲಗೆ ಬಡಿಯಲು ಬಾರದ ಕೈ. ಅವನಿಗೆ ಅದರ ದುಃಖ ಅಷ್ಟಾಗಿ ಆಗಲಿಲ್ಲ.

ಸೂಟಿ ಮುಗಿಯಲು ಬಂತು. ಕಾರ ಹುಣ್ಣಿಮೆಯ ಮೋಡ ಕಟ್ಟುತ್ತಿದ್ದ ಒಂದು ಮಧ್ಯಾಹ್ನ ಅಲ್ಲಾಭಕ್ಷ್ ಬಂದು ಕೇರಿಯ ಬಾಯಿಗೆ ನಿಂತ. ಈ ಸಲ ಬೈಯಲಿಲ್ಲ. ಮುದುಕಪ್ಪನ ಕೈಯ ಕಡೆ ನೋಡಿ ಕಣ್ಣು ತಗ್ಗಿಸಿದ.

"ಗೌಡ್ರು ಕಳಿಸ್ಯಾರ. ಪಂಪನಗೌಡ ಒಂದೂ ಪುಸ್ತಕ ಓದಿಲ್ಲಂತ. ಸಾಲ್ಯಾಗ ಏನು ಹೇಳಬೇಕು? ಒಂದೆರಡು ಪುಸ್ತಕ ಆ ಗ್ವಾಡಿ ಮ್ಯಾಲೆ ಇಡು. ಅಯ್ಯಾರು ತೀರ್ಥ ಚಿಮುಕಿಸಿದ್ರ ಶುದ್ಧ ಆಗತಾವಂತ."

"ಈಗ ಶುದ್ಧ ಆಗತಾವೇನು?" ಮುದುಕಪ್ಪ ಎದ್ದು ನಿಂತ. "ನನ್ನ ಮಗ ಪುಸ್ತಕ ತಿರುಗಿ ತಂದಾಗ ಈ ತೀರ್ಥ ಎಲ್ಲಿ ಹೋಗಿತ್ತು? ಅವನ ಕಾಲು ಮುರಿಯೋ ಮುಂದ ಎಲ್ಲಿ ಹೋಗಿತ್ತು?"

ಮುದುಕಪ್ಪ ಎಡಗೈಯನ್ನು ಪೆಟ್ಟಿಗೆಯ ಮೇಲೆ ಇಟ್ಟ.

"ಪುಸ್ತಕ ಕೇರಿ ಬಿಟ್ಟು ಬರಂಗಿಲ್ಲ. ಸಾಲಿ ತೆರದ ದಿನ ಸರಕಾರದ ಪೆಟ್ಟಿಗಿ ಸರಕಾರಕ್ಕ ನಾನ ಹೊತ್ತು ಒಯ್ದು ಮುಟ್ಟಸ್ತೀನಿ. ಅಲ್ಲೀತನ ಓದಬೇಕಂದ್ರ ಪಂಪನಗೌಡ ಇಲ್ಲಿಗೆ ಬರಲಿ. ನನ್ನ ಮಗನ ಮಗ್ಗಲಕ ಕುಂತು ಓದಲಿ. ಯಾರೂ ಕೋಲು ಎತ್ತಂಗಿಲ್ಲ."

"ಗೌಡರ ಮಗ ಮಾದಿಗರ ಕೇರ್ಯಾಗ ಬಂದು ಕೂಡತಾನೇನಲೇ? ಏನಂತ ಹೇಳ್ಲಿ ಹೋಗಿ?"

"ಚಪ್ಪಲಿ ಬಿಟ್ಟು ಒಳಗ ಬಾ ಅಂತ ಹೇಳು. ಅವನ್ನ ಹೊಲದಾಂವ ನಾನ, ಕಳುವಾಗಂಗಿಲ್ಲ."